ಳಕಾರ

ಬಿ.ಎಂ. ರಸ್ತೆಯಲ್ಲಿ ಗುಂಡಿ ದಾರದಂಗಡಿಯ ಮಹಡಿಯ ಮೇಲೆ
ಗೋಡೆಗೆಲ್ಲ ಮೊಟ್ಟೆ ಟ್ರೇ, ಬಾಗಿಲಿಗೆ ಹಳೇ ಕೌದಿ:
ಇದು ಧರಣೇಂದ್ರನ ಸ್ಟುಡಿಯೋ.
ಫ್ಯಾನ್ ಹಾಕುವಂತಿಲ್ಲ. ಬೆವರುತ್ತಲೇ ಓದಬೇಕು.
ಹಾಸನ ಆಕಾಶವಾಣಿಯಲ್ಲಿ ಇಪ್ಪತ್ತೆರಡು ವರ್ಷ
ದಿನಗೂಲಿಯ ದನಿಯಾಗಿದ್ದವಳು ನಾನು.
ಆಲೂಗಡ್ಡೆ ಧಾರಣೆ, ಹವಾಮಾನ, ಹಾಡು ಕೋರಿದವರ ಹೆಸರು.
ಈಗ ಸಾಕ್ಷ್ಯಚಿತ್ರಗಳಿಗೆ ಕನ್ನಡ ಕೊಡುತ್ತೇನೆ,
ನಿಮಿಷಕ್ಕೆ ಇಷ್ಟು ಅಂತ.

ಈ ಸಲದ್ದು ಕಂಪ್ಯೂಟರ್ ಕಳ್ಳರ ಕಥೆ.
ತೆರೆಯ ಮೇಲೆ ಎಲ್ಲರೂ ಹಣೆಯ ಮೇಲೆ ಟೋಪಿ ಎಳೆದುಕೊಂಡವರು,
ಕತ್ತಲ ಕೋಣೆ, ಹಸಿರು ಅಕ್ಷರಗಳ ಸೋನೆ,
ಹಿನ್ನೆಲೆಯಲ್ಲಿ ಎದೆ ಹಾರುವಂಥ ಸದ್ದು.
ಇವರು ಯಾಕೆ ದೀಪ ಹಾಕಿಕೊಳ್ಳುವುದಿಲ್ಲ, ಕೇಳಿದೆ.
ಕರೆಂಟ್ ಬಿಲ್ ಅಕ್ಕ, ಅಂದ ಧರಣೇಂದ್ರ.

ಒಂದು ವಾರ ಪದಗಳ ಜತೆ ಗುದ್ದಾಡಿದೆವು.
ವರ್ಮ್ ಅಂದರೆ ಹುಳು, ಸರಿ.
ಈ ಊರಲ್ಲಿ ಹುಳು ಅಂದರೆ ಜನ ಗಡ್ಡೆ ಕೊಯ್ದು ನೋಡುತ್ತಾರೆ;
ಬಿತ್ತನೆಯಲ್ಲೇ ರೋಗ ಬಂದದ್ದನ್ನು ಕಂಡವರಿಗೆ
ಪೆನ್‌ಡ್ರೈವ್ ಸಂಗತಿ ಬಿಡಿಸಿ ಹೇಳಬೇಕಿಲ್ಲ.
ಫಿಶಿಂಗ್‌ಗೆ ಗಾಳ ತಾನೇ ಬಂದು ಕೂತಿತು.
ಹ್ಯಾಕಿಂಗ್‌ಗೆ ಕನ್ನ ಅಂದೆ, ಅಜ್ಜಿ ನೆನಪಾದಳು:
ಗೋಡೆ ಕೊರೆದವನು ಮೊದಲು ತನ್ನ ತಲೆ ತೂರಿಸುವುದಿಲ್ಲವಂತೆ,
ಕೋಲಿಗೆ ಮಡಕೆ ಸಿಕ್ಕಿಸಿ ಒಳಗೆ ಬಿಡುತ್ತಾನಂತೆ,
ಯಾರಾದರೂ ಎದ್ದಿದ್ದರೆ ಏಟು ಮಡಕೆಗೆ.
ಸ್ಕ್ರಿಪ್ಟಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಬ್ಯಾಕ್‌ಡೋರ್ ಮಾತ್ರ ಕೈಕೊಟ್ಟಿತು.
ಹಿತ್ತಿಲ ಬಾಗಿಲು ಅಂದರೆ ನನಗೆ
ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬರುತ್ತಿದ್ದ ಸಾಕಮ್ಮ,
ಸೆರಗಲ್ಲಿ ಮುಚ್ಚಿದ ಲೋಟ, ಹಾಕದ ಚಿಲಕ.
ಅದನ್ನು ಹೆದರಿಸುವ ದನಿಯಲ್ಲಿ ಹೇಳು ಅಂದರೆ?
ಆರು ಟೇಕ್ ಕೆಟ್ಟವು.

ಏಳನೆಯದಕ್ಕೆ ಮುಂಚೆ ಫೋನು.
"ಮೇಡಂ, ಸೆಸ್ಕ್ ಆಫೀಸಿಂದ.
ಹೋದ ತಿಂಗಲ ಬಿಲ್ ಬಂದಿಲ್ಲ,
ರಾತ್ರಿ ಒಂಬತ್ತೂವರೆಗೆ ಕನೆಕ್ಷನ್ ಕಟ್.
ಒಂದು ಲಿಂಕ್ ಕಲಿಸ್ತೀನಿ."

ಕಲಿಸೋದಲ್ಲ ತಮ್ಮಾ, ಕಳಿಸೋದು, ಅಂದೆ.
ಅಭ್ಯಾಸ. ಯೋಚಿಸಿ ಆಡಿದ್ದಲ್ಲ.
ನಾಲಿಗೆ ಹಿಂದಕ್ಕೆ ಮಡಿಚು, ಅಂಗುಳಕ್ಕೆ ತಾಗಿಸಿ ಬಿಡು:
ತಿಂಗಳು. ಬೆಳಕು. ಕಳಿಸ್ತೀನಿ.
ಆ ಕಡೆ ಒಂದು ಗಳಿಗೆ ಏನೂ ಇಲ್ಲ.
ಆಮೇಲೆ, ಆಣೆ ಮಾಡಿ ಹೇಳುತ್ತೇನೆ,
ಹುಡುಗ ಮೆಲ್ಲಗೆ ಅಂದು ನೋಡಿದ,
ತಿಂಗಲು... ತಿಂಗಳು.
ಅವನ ಹಿಂದೆ ಸಂತೆಯ ಹಾಗೆ ಎಷ್ಟೋ ದನಿ,
ಯಾರೋ ಗದರಿದರು.
"ಥ್ಯಾಂಕ್ಸ್ ಮೇಡಂ" ಅಂದು ಇಟ್ಟುಬಿಟ್ಟ.

ಗಾಜಿನಾಚೆ ಧರಣೇಂದ್ರ ಹೊಟ್ಟೆ ಹಿಡಿದುಕೊಂಡು ನಕ್ಕ.
ನಾನೂ ನಕ್ಕೆ. ಸಂಜೆ ಕಂಡಕಂಡವರಿಗೆಲ್ಲ ಹೇಳಿದೆ,
ಕಳ್ಳನಿಗೆ ಉಚ್ಚಾರ ತಿದ್ದಿದ ಕಥೆ.
ಏಳನೆಯ ಟೇಕ್ ಚೆನ್ನಾಗಿ ಬಂತು.

ಹದಿನೈದು ದಿನ ಕಳೆದಿರಬೇಕು.
ಪೆನ್ಷನ್ ಮೊಹಲ್ಲಾದಿಂದ ಪುಟ್ಟಲಿಂಗಮ್ಮ ಟೀಚರ್ ಕರೆಸಿದರು.
ನಾಲ್ಕನೇ ಕ್ಲಾಸಿನಲ್ಲಿ ನನ್ನ ನಾಲಿಗೆ ತಿದ್ದಿದವರು.
ನಲವತ್ತೊಂದು ಸಾವಿರ.
"ಇಂಥ ಫೋನು ಎಷ್ಟೋ ಬಂದಿದ್ವು ಕಣೇ,
ಬಾಯಿ ತೆರೆದರೇ ಗೊತ್ತಾಗೋದು, ಇಟ್ಟುಬಿಡ್ತಿದ್ದೆ.
ಇವನು ನಮ್ಮವನೇ ಅನ್ನಿಸ್ತು.
ಲಿಂಕ್ ಕಳಿಸ್ತೀನಿ ಅಂದ, ಎಷ್ಟು ಸ್ಪಷ್ಟವಾಗಿ,
ನೀನು ರೇಡಿಯೋದಲ್ಲಿ ಓದ್ತಿದ್ದೆಯಲ್ಲ, ಹಾಗೆ."

ಕಾಫಿ ಲೋಟ ಕೈಯಲ್ಲೇ ಆರಿತು.
ಒಡೆಯಬೇಕಾದ ಮಡಕೆಗೆ
ಕಣ್ಣು ಬಾಯಿ ಬರೆದು ಕೊಟ್ಟಿದ್ದೆ.
ಅವನೇ ಇವನೋ, ಬೇರೆ ಯಾರೋ, ಹೇಗೆ ಹೇಳಲಿ?
ನಾವು ಮಾಡಿದ ಐವತ್ತು ನಿಮಿಷದಲ್ಲಿ
ಟೋಪಿ ಇಲ್ಲದವನು ಒಬ್ಬನೂ ಇರಲಿಲ್ಲ.

ಠಾಣೆಗೆ ಜತೆಯಲ್ಲಿ ಹೋದೆ.
ಅವರ ಕೈ ನಡುಗುತ್ತಿತ್ತು, ದೂರು ನಾನೇ ಬರೆದೆ.
ಆರೋಪಿಯ ಗುರುತು, ಅಂತ ಒಂದು ಸಾಲು ಖಾಲಿ.
ಏನು ಬರೆಯಲಿ ಟೀಚರ್?
ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ಯೋಚಿಸಿದರು.
"ಒಳ್ಳೆಯ ಕನ್ನಡ" ಅಂದರು.
ಬರೆದೆ. ಕೊಂಬು, ದೀರ್ಘ, ಒತ್ತು
ಒಂದೂ ತಪ್ಪದ ಹಾಗೆ.