ಸಾಣಿ ಹಿಡಿದವನ ಲೆಕ್ಕ

ರಾಯಚೂರಿನ ತೀನ್ ಕಂದೀಲಿನ ಹಿಂದಿನ ಓಣಿಯೊಳಗ
ನನ್ನ ಸಾಣಿಚಕ್ರ.
ದರ್ಜಿಗಳ ಕತ್ತರಿ, ಕಟುಕರ ಕತ್ತಿ,
ಹತ್ತಿ ಮಿಲ್ಲಿನ ಗರಗಸ.
ಮೂವತ್ತು ವರ್ಷ ಕಿಡಿ ಹಾರಿಸೀನಿ.
ಒಂದಿನ ಶಕ್ತಿನಗರದ ಲೈನ್‌ಮನ್ ಈರಣ್ಣ
ಮಗಳ ಬೂಟು ತಂದ.
ಬೂಟಿನ ಅಡಿಗೆ ಕತ್ತಿ.

"ಇದು ಯಾವ ಕುರಿಗೆ?" ಅಂದೆ.
ಹುಡುಗಿ ನಗಲಿಲ್ಲ.
"ಐಸಿಗೆ, ಚಾಚಾ."
ಹನ್ನೊಂದು ವರ್ಷ. ಹೆಸರು ಹುಲಿಗೆಮ್ಮ.
ಹೊರಗ ನಲವತ್ಮೂರು ಡಿಗ್ರಿ,
ನೀರಿನ ಕ್ಯಾನಿಗೆ ಸುತ್ತಿದ್ದ ಹಸಿ ಗೋಣಿಚೀಲ
ಮಾತು ಮುಗಿಯೂದ್ರಾಗ ಒಣಗಿತ್ತು.

ನನಗ ಗೊತ್ತಿದ್ದದ್ದು ಒಂದೇ ವಿದ್ಯೆ.
ಕೂದಲು ಸೀಳೂವಂಗ ಧಾರಿ ಹಿಡಿದು ಕೊಟ್ಟೆ.
ಎರಡು ತಿಂಗಳಿಗೆ ಗದ್ದಕ್ಕ ಐದು ಹೊಲಿಗಿ
ಹಾಕಿಸಿಕೊಂಡು ಬಂದ್ಳು.
ಬೈಲಿಲ್ಲ.
ನನ್ನ ಉದ್ರಿ ಪುಸ್ತಕದಾಗ,
ದರ್ಜಿ ಹನುಮಂತುನ ಬಾಕಿಯ ಪಕ್ಕ,
ಪೆನ್ಸಿಲ್ ತಗೊಂಡು ಬರದ್ಳು:
ನಡುವ ಒಂದು ತಗ್ಗು,
ಒಳಗಡೆ ಒಂದು ಅಂಚು, ಹೊರಗಡೆ ಒಂದು.
"ಇದು ಕೊಯ್ಯಾಕಲ್ಲ ಚಾಚಾ. ನಿಲ್ಲಾಕ."

ಅವತ್ತು ರಾತ್ರಿ ಕೂತು
ಕಲ್ಲಿನ ಬಾಯಿ ಗುಂಡಗ ಮಾಡಿದೆ.
ನಮ್ಮಪ್ಪ ಇದ್ದಿದ್ರ ಅದೇ ಕಲ್ಲು ತಲಿಗೆ ಹಾಕ್ತಿದ್ದ.

ವರ್ಷದಾಗ ಹತ್ತು ತಿಂಗಳು ಆಕಿಗೆ ಐಸಿಲ್ಲ.
ಥರ್ಮಲ್ ಕಾಲೋನಿಯ ಬ್ಯಾಡ್ಮಿಂಟನ್ ಕೋರ್ಟಿನ್ಯಾಗ
ಗಾಲಿ ಬೂಟು ಹಾಕಿ ತಿರುಗೂದು.
ನಸುಕಿನ್ಯಾಗ ಅವರವ್ವ ಕಸಬರಿಗಿಲೆ ಬೂದಿ ಬಳೀತಿದ್ಳು,
ಚಿಮಣಿ ಮತ್ತ ಉದುರಸ್ತಿತ್ತು.
ಉಳಿದೆರಡು ತಿಂಗಳು ಗುರುಗ್ರಾಮದ ಮಾಲು,
ತಾಸಿಗಿಷ್ಟು ಅಂತ ರೊಕ್ಕ.
ಈರಣ್ಣ ಸೊಸೈಟಿ ಸಾಲ ಎತ್ತಿದ,
ಆಮ್ಯಾಲ ಮೋಟರ್‌ಸೈಕಲ್ ಮಾರಿ
ಡ್ಯೂಟಿಗೆ ಬಸ್ಸಿನ್ಯಾಗ ಹೊಂಟ.

ಆಕಿ ಆಟ ನಾ ಎದುರಿಗೆ ಒಮ್ಮೆನೂ ನೋಡಿಲ್ಲ.
ಅಲಗು ಓದೀನಿ.
ಬಲಗಾಲಿನ ಹೊರಗಿನ ಅಂಚು ಮೊದಲು ಸವೀತಿತ್ತು:
ಹಾರಿ ಇಳಿಯೂದು ಯಾವಾಗಲೂ ಅಲ್ಲೇ.
ಮುಂದಿನ ಹಲ್ಲು ಮೊಂಡಾದ ವರ್ಷ
ಎರಡು ಸುತ್ತಿನ ನೆಗೆತ ಕಲತಿದ್ಳು.
ಹದಿನೈದರಾಗ ಶಿಮ್ಲಾದಾಗ ಕಂಚು.
ಹದಿನೇಳಕ್ಕ ಬೆಳ್ಳಿ.
ಮೈಕಿನ್ಯಾಗ "ಹುಲಿಗಮಾ" ಅಂದ್ರಂತ,
ಮೂರು ಸಲ ಕರದ್ರೂ
ಯಾರನ್ನೋ ಕರೀಲಿಕತ್ಯಾರ ಅಂತ ಈಕಿ ಕೂತೇ ಇದ್ಳಂತ.

ಈರಣ್ಣ ಫೋನಿನ್ಯಾಗ ತೋರಿಸಿದ.
ಎರಡೂವರೆ ಮಿನಿಟು.
ಓಣಿಯ ಮಂದಿ ಲಂಗ ನೋಡಿದ್ರು, ಕೆಲವ್ರು ನಕ್ರು.
ನಾ ಕಣ್ಣು ಮುಚ್ಚಿ
ಹಾಡಿನ ಅಡಿಗೆ ಇನ್ನೊಂದು ಸಪ್ಪಳ ಹುಡುಕಿದೆ.
ಸರ್ರ್—
ಹೊಸ ಅರಿವಿ ಹರದಂಗ.
ಅದು ನಂದು.

ಮರುವರ್ಷ ಬೂಟು ಬಂದಾಗ
ಎಡದ್ದು ಸವೆದಿತ್ತು.
ಬಲದ್ದು ಹೋದ ಸಲ ನಾ ಹಿಡಿದಂಗೇ ಇತ್ತು.
ಕೇಳಲಿಲ್ಲ ನಾ.
ಬೆರಳು ಅಂಚಿನ ಮ್ಯಾಲ ಆಡಿಸಿ
ಆಕಿ ಮುಖ ನೋಡಿದೆ.
ಆಕಿ ಸಾಣಿಚಕ್ರ ನೋಡಿದ್ಳು.
"ಅಪ್ಪಗ ಹೇಳಬ್ಯಾಡ ಚಾಚಾ."
ಮೊಣಕಾಲಿನ ಮಾತು ಮನಿಗೆ ಗೊತ್ತಾಗೂದಕ್ಕ
ಇನ್ನೂ ಐದು ತಿಂಗಳು ಹಿಡೀತು;
ಅಷ್ಟು ದಿನ
ಈರಣ್ಣ ಚಹಾ ಕುಡಿಸಿದಾಗೆಲ್ಲ
ಕಪ್ಪಿನ ತಳ ನೋಡಿಕೋತ ಕುಡಿದೀನಿ.

ಈಗ ಆಕಿಗೆ ಇಪ್ಪತ್ನಾಲ್ಕು.
ಅದೇ ಕೋರ್ಟಿನ್ಯಾಗ ಮೂವತ್ತು ಹುಡುಗರಿಗೆ
ಗಾಲಿ ಮ್ಯಾಲ ನಿಲ್ಲಾಕ ಕಲಿಸ್ತಾಳ.
ಬಿದ್ದವ್ರನ್ನ ಎತ್ತಾಂಗಿಲ್ಲ,
ಎದ್ದ ಮ್ಯಾಲೆ ಬೂದಿ ಕೊಡವ್ತಾಳ.
ಗಾಲಿಗೆ ಸಾಣಿ ಬ್ಯಾಡ.
ಬೂಟು ನನ್ನ ಅಂಗಡಿಯೊಳಗ ಬಿಟ್ಟು,
"ಉಕ್ಕು ಚಲೋ ಅದ, ಏನರೆ ಮಾಡ್ಕೋ" ಅಂದು ಹೋದ್ಳು.
ಇನ್ನೂ ಮೂರು ಸಾಣಿಗೆ ಆಗೂವಷ್ಟು ಉಳಿದಿತ್ತು.
ಅದನ್ನ ನಾ ಹೇಳಲಿಲ್ಲ.

ಮೊನ್ನೆ ಅದರಾಗಿಂದೊಂದು ಚೀಲದಾಗಿಟ್ಟುಕೊಂಡು
ಮೀನಿನ ಪ್ಯಾಟಿಗೆ ಹೋಗಿದ್ದೆ.
ಕಬ್ಬೇರ ಶರಣಮ್ಮನ ಐಸಿನ ಗಡ್ಡಿ ಮ್ಯಾಲ
ನೆಟ್ಟಗ ಇಟ್ಟು ಎಳದೆ: ಎರಡು ಗೆರಿ.
ಸ್ವಲ್ಪ ವಾಲಿಸಿ ಎಳದೆ:
ಒಂದೇ, ಬಾಗಿದ್ದು, ಉದ್ದನ್ನದು.
"ಏ ಮುದುಕ, ನನ್ನ ಐಸಿನ ಮ್ಯಾಲ ಏನು ಬರೀಲಿಕತ್ತೀಯೋ?"
ಅಕ್ಷರ ಬರಾಂಗಿಲ್ಲವ್ವ ನನಗ ಅಂದೆ.
ಆಕಿ ಗಡ್ಡಿ ಒಡೆದು
ಬಾಳೆಮೀನಿನ ಮ್ಯಾಲ ಸುರಿದ್ಳು.