ಗುರುತು ಬಳಿದು ಬಿಟ್ಟದ್ದು

ಗುರುವಾರ, ಬ್ಯಾಂಗೋರ್ ಆಸ್ಪತ್ರೆ, ಕಿಟಕಿಯಿಲ್ಲದ ಕೋಣೆ.
ಪಟ್ಟಿ ಓದುವ ನರ್ಸು ನಾನು. ಹನ್ನೊಂದು ಹೆಸರು,
ಹನ್ನೊಂದು ಕತ್ತು. ನಾಲ್ಕನೆಯವನು
ಇದ್ವಾಲ್ ಗೆಥಿನ್, ಅರವತ್ತೊಂದು,
ಬಾಲಾದ ಕುರಿಸಂತೆಯಲ್ಲಿ ಹರಾಜು ಕೂಗುವವ.
ಥೈರಾಯ್ಡಿನ ಎಡಕ್ಕೆ ಗಂಟು, ಒಂಬತ್ತು ಮಿಲಿಮೀಟರ್.
ಸೂಜಿ ಹೇಳಿದ್ದು: ಹೌದು, ಅದೇ.

ಗೋಡೆಯ ಮೇಲೆ ಅವನ ಗಂಟಲು, ಬೂದು ಕೆಸರು;
ನಡುವೆ ಒಂದು ಕಪ್ಪು ಕಾಳು.
ಅದರ ಹಿಂದೆ, ಚಿತ್ರಕ್ಕೆ ಸಿಗದೆ, ದನಿಯ ನರ:
ಗಂಟಲಿಗೆ ಹೋಗಬೇಕಾದದ್ದು ಗಂಟಲು ದಾಟಿ
ಎದೆಗಿಳಿದು, ದೊಡ್ಡ ರಕ್ತನಾಳವನ್ನು ಬಳಸಿ
ಮತ್ತೆ ಮೇಲೇರುತ್ತದೆ,
ಏನೋ ಮರೆತು ವಾಪಸು ಬಂದವರ ಹಾಗೆ.

"ಅರ್ಧ ತೆಗೆದುಬಿಡೋಣ" ಎಂದರು ಸರ್ಜನ್.
"ಇದು ಬೆಳೆಯುವಷ್ಟರಲ್ಲಿ ಅವನು ಮೊಮ್ಮಗಳ ಮದುವೆ ಮುಗಿಸಿರುತ್ತಾನೆ"
ಎಂದಳು ಸ್ಕ್ಯಾನ್ ಓದುವವಳು.
"ನರಕ್ಕೂ ಗಂಟಿಗೂ ನಡುವೆ ಎರಡು ಮಿಲಿಮೀಟರ್ ಒಳ್ಳೆಯ ಮಾಂಸವಿದೆ."
"ಇವತ್ತು ಇದೆ."
ಅಯೊಡಿನ್ ಮಾತು ಯಾರೂ ಎತ್ತಲಿಲ್ಲ.
ಬಿಸ್ಕತ್ತಿನ ತಟ್ಟೆ ಒಂದು ಸುತ್ತು ಬಂತು.

ನನಗೆ ಎಂಬತ್ತಾರರ ಬೇಸಿಗೆ.
ಎಲ್ಲೋ ಉರಿದದ್ದು ಮೋಡವಾಗಿ ನಮ್ಮ ಗುಡ್ಡಕ್ಕೆ ಸುರಿದಿತ್ತು.
ಒಂಬತ್ತರ ಹುಡುಗಿ, ಕುರಿಯ ಕುತ್ತಿಗೆ ತಬ್ಬಿ ನಿಲ್ಲುತ್ತಿದ್ದೆ;
ಸರಕಾರದವರು ಅದರ ಹಿಂಬದಿಗೆ ಪೆಟ್ಟಿಗೆ ಒತ್ತಿ
ಅಂಕಿ ಬರೆದುಕೊಳ್ಳುತ್ತಿದ್ದರು. ಹೆಚ್ಚಿದ್ದರೆ ಬಣ್ಣ ಬಳಿದು ಬಿಡುವುದು.
ಕಡಿಯುವಂತಿಲ್ಲ. ಮೇಯಲಿ, ಇನ್ನೊಮ್ಮೆ ನೋಡೋಣ.
ಅಪ್ಪ ಇಪ್ಪತ್ತಾರು ವರ್ಷ ಇನ್ನೊಮ್ಮೆ ನೋಡಿದ.
ಆ ಮೋಡಕ್ಕೂ ಈ ಗಂಟಿಗೂ ಗಂಟು ಹಾಕಬೇಡ, ಹೆಲೆದ್,
ಎಂದು ನನಗೆ ನಾನೇ ಗದರಿಕೊಂಡೆ.

ಬರೆದೆ: ಆರು ತಿಂಗಳಿಗೊಮ್ಮೆ ಸ್ಕ್ಯಾನ್.
ಮೂರು ಮಿಲಿಮೀಟರ್ ಬೆಳೆದರೆ, ದನಿ ಒಡೆದರೆ, ಕತ್ತಿ.
ರೋಗಿ ಒಪ್ಪಿದರೆ.

ಸೋಮವಾರ ಬಂದ, ಉಣ್ಣೆಯ ಜಿಡ್ಡು ವಾಸನೆ,
ಟೋಪಿ ತೊಡೆಯ ಮೇಲೆ. "ಎಷ್ಟಕ್ಕೆ ನಿಂತಿತು ಸವಾಲು?"
ಎರಡೂ ಹೇಳಿದೆ. ಕೊಯ್ದರೆ
ನೂರರಲ್ಲಿ ಒಬ್ಬಿಬ್ಬರ ದನಿ ಬಿದ್ದದ್ದು ಏಳುವುದಿಲ್ಲ.
ಕೊಯ್ಯದಿದ್ದರೆ, ಅದು ಅಲ್ಲೇ ಇರುತ್ತದೆ.

ತುಸು ಹೊತ್ತು ತನ್ನ ಅಂಗೈ ನೋಡಿಕೊಂಡ.
"ಮೂವತ್ತು ವರ್ಷ ಕೂಗಿದ್ದೇನೆ,
ಒಂದು ಸಾರಿ, ಎರಡು ಸಾರಿ.
ಮನಸ್ಸಿದ್ದವನು ಕೈ ಎತ್ತುವುದೆಲ್ಲ
ಎರಡಕ್ಕೂ ಮೂರಕ್ಕೂ ನಡುವೆ.
ಅಲ್ಲಿ ನಿಲ್ಲುವುದು ನನಗೆ ಗೊತ್ತು."

"ನನಗೆ ಗೊತ್ತಿಲ್ಲ" ಎಂದಳು ಮೊರ್ವಿದ್, ಅವನ ಹೆಂಡತಿ,
ಬಾಗಿಲ ಪಕ್ಕದ ಕುರ್ಚಿಯಿಂದ.
ಇಷ್ಟು ಹೊತ್ತು ಅವಳನ್ನು ಯಾರೂ ಕೇಳಿರಲಿಲ್ಲ.
"ರಾತ್ರಿ ಇವರ ಉಸಿರು ಕೇಳುತ್ತಾ ಮಲಗುವವಳು ನಾನು."

ಹೀಟರ್ ಟಿಕ್ ಎಂದಿತು.
ಪಟ್ಟಿಯಲ್ಲಿ ಅವಳಿಗೆ ಕಲಮು ಇರಲಿಲ್ಲ.

ಏಪ್ರಿಲ್ ಹದಿನಾಲ್ಕು ಎಂದೆ.
ಕುರಿ ಈಯುವ ಕಾಲ, ಆಗದು, ಎಂದ.
ಮೇ ತಿಂಗಳಿಗೆ ಹೊಡೆದು ತಿದ್ದಿದೆ.
ನೀಲಿ ಕಾರ್ಡು. ಅವನು ಕೈ ಚಾಚಿದ.
ಅವಳು ತೆಗೆದುಕೊಂಡು
ತನ್ನ ಚೀಲದಲ್ಲಿಟ್ಟು ಜಿಪ್ ಎಳೆದಳು.