ಪುಟ್ಟ ಮದುವಣಗಿತ್ತಿ

ಬೊಜ್‌ಜಾದಾ ದ್ವೀಪದಲ್ಲಿ ಈ ಕೆಂಪು ಹೂವಿಗೆ
ಗೆಲಿಂಜಿಕ್ ಅನ್ನುತ್ತಾರೆ: ಪುಟ್ಟ ಮದುವಣಗಿತ್ತಿ.

ನೆಸ್ಲಿಶಾ ಕಣ್ಣು ಕಿರಿದಾಗಿಸಿ
ಹೂವಿನದೇ ಪರಾಗವನ್ನು
ಅದರ ಶಲಾಕಾಗ್ರಕ್ಕೆ ಸೋಕಿಸಿದಳು.
ಸೂಕ್ಷ್ಮದರ್ಶಕದಡಿ ನಳಿಕೆ ಕೂದಲೆಳೆಯಷ್ಟು ಚಾಚಿತು,
ನಿಂತಿತು,
ಒಳಗೊಳಗೇ ತನ್ನನ್ನೇ ಕೊಂದುಕೊಂಡಿತು.
ಸಗೋತ್ರದ ಸಂಬಂಧ ಒಲ್ಲೆನೆಂದಳು ಹುಡುಗಿ,
ತುಟಿ ಬಿಚ್ಚದೆ.

ನೋಟುಪುಸ್ತಕದಲ್ಲಿ:
ರೋಯಾಡಿನ್ ಇದೆ. ಮಾರ್ಫಿನ್ ಇಲ್ಲ.
ಹದಿನಾರು ಇಲಿಗಳಲ್ಲಿ ಒಂಬತ್ತು
ಕೊಂಚ ಬೇಗ ಮಲಗಿದವು.
ಸಾಲದು.

ಕಿಟಕಿಯಾಚೆ ಮುಜೆಯ್ಯೆನ್ ಅಜ್ಜಿ
ಎಸಳಿಗೆ ನಿಂಬೆ ಹಿಂಡಿ, ಸಕ್ಕರೆ ತಿಕ್ಕಿ
ಶರಬತ್ತು ಸೋಸುತ್ತಿದ್ದಳು, ಮೊಣಕೈವರೆಗೂ ಕೆಂಪು.
ಕೆಮ್ಮಿಗೂ ಅದೇ, ನಿದ್ದೆಗೂ ಅದೇ.

‘ಒಂದು ಸಲಕ್ಕೆ ಎಷ್ಟು ಹನಿ?’
ಪೆನ್ನು ಹಿಡಿದೇ ಕೇಳಿದಳು ನೆಸ್ಲಿಶಾ.

‘ಮಗು ಅಳುವಷ್ಟು.’